ಬೇಲಿ ಎಡಗಡೆಗಿದ್ದಾಗ

ಮೊದಲ ಕಂಬಕ್ಕೆ ಗುಂಡಿ ತೋಡುತ್ತಿದ್ದಾಗಲೇ ಬೇಲಿಯ ಆಚೆಯಿಂದ ಪ್ರಶ್ನೆ ಬಂತು.

"ಎಂತ ಟೀಚರೇ ಅದು? ಕ್ಯಾಮೆರಾ ಕಂಬವಾ?"

ಕೇಳಿದವನು ಪಕ್ಕದ ಎಸ್ಟೇಟಿನ ವಾಚರು. ನನ್ನದೇ ವಯಸ್ಸಿನವನು. ಕಾಫಿ ಗಿಡಗಳ ನಡುವೆ ಕೋಲು ಹಿಡಿದು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಕ್ಯಾಮೆರಾ ಅಲ್ಲ ಮಾರಾಯ, ಆಟದ ಕಂಬ" ಅಂದೆ.

"ಆಟದ ಕಂಬ ಅಂದ್ರೆ ಎರಡಿರುತ್ತೆ, ನಡುವೆ ನೆಟ್ ಇರುತ್ತೆ. ಇದು ಒಂದೇ ಇದೆ. ಅದೂ ನಮ್ಮ ತೋಟದ ಕಡೆ ಮುಖ ಮಾಡಿ."

"ಕಂಬಕ್ಕೆ ಮುಖ ಎಲ್ಲಿಂದ ಬಂತು?"

"ಅದನ್ನೇ ನಾನೂ ನೋಡ್ತಾ ಇರದು" ಅಂದ. ಗುಂಡಿ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಅವನ ಅನುಮಾನಕ್ಕೆ ಕಾರಣವೇ ಇರಲಿಲ್ಲ ಅನ್ನುವ ಹಾಗಿಲ್ಲ. ಆಗ ಕಾಫಿಗೆ ಯಾರೂ ಎಣಿಸಿರದ ರೇಟು ಬಂದಿತ್ತು. ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟದ ಸುದ್ದಿ ಕೇಳಿದರೂ ಕಳವಿನದೇ. ಕಣದಲ್ಲಿ ಒಣಹಾಕಿದ್ದು ಹೋಗುವುದು ಮೊದಲೂ ಇತ್ತು. ಈಗ ಗಿಡದ ರೆಕ್ಕೆಗಳನ್ನೇ, ಹಣ್ಣು ತುಂಬಿದ ಕೊಂಬೆಗಳನ್ನೇ, ಮುರಿದು ಒಯ್ಯುತ್ತಿದ್ದರು. ಎಸ್ಟೇಟಿನವರು ಕೆಲಸದವರನ್ನು ನೋಡುವ ನೋಟ ಬದಲಾಗಿತ್ತು, ಕೆಲಸದವರು ಒಬ್ಬರನ್ನೊಬ್ಬರು ನೋಡುವ ನೋಟವೂ ಬದಲಾಗಿತ್ತು. ರಸ್ತೆಯಲ್ಲಿ ಗುರುತಿಲ್ಲದ ಜೀಪು ನಿಂತರೆ ಯಾರಾದರೂ ಒಬ್ಬರು ನಂಬರಿನ ಫೋಟೋ ತೆಗೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ನಾನು ತೋಟದ ಅಂಚಿನಲ್ಲಿ ಕಂಬ ನೆಡಲು ಹೊರಟಿದ್ದೆ.

ನಾನು ಅಲ್ಲಿನ ಸರ್ಕಾರಿ ಹೈಸ್ಕೂಲಿನ ದೈಹಿಕ ಶಿಕ್ಷಕಿ. ಶಾಲೆಗೆ ಜಾಗ ಬೇಕಾದಷ್ಟಿದೆ, ಆದರೆ ಮಟ್ಟಸವಾದದ್ದು ಪ್ರಾರ್ಥನೆಗೆ ನಿಲ್ಲುವಷ್ಟು ಮಾತ್ರ. ಉಳಿದದ್ದು ಉದ್ದನೆಯ ಇಳಿಜಾರು. ಮೇಲ್ಗಡೆ ಗೋಡೆಯಂತೆ ನಿಂತ ಮಣ್ಣಿನ ದರೆ, ಕೆಳಗಡೆ ತಂತಿಬೇಲಿ, ಬೇಲಿಯಾಚೆ ಎಸ್ಟೇಟು, ನಡುವೆ ಹುಲ್ಲು, ಅಲ್ಲೊಂದು ಇಲ್ಲೊಂದು ಸಿಲ್ವರ್ ಓಕ್ ಮರ. ವಾಲಿಬಾಲ್ ಆಡಿದರೆ ಆಡುವುದಕ್ಕಿಂತ ಚೆಂಡಿನ ಹಿಂದೆ ಓಡುವುದೇ ಜಾಸ್ತಿ. ಕಬಡ್ಡಿ ಆಡಿದರೆ ಕೆಳಗೆ ನಿಂತ ತಂಡಕ್ಕೆ ಸೋಲು ಖಾತ್ರಿ. ಚಿಕ್ಕಮಗಳೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಡಿಸ್ಕ್ ಗಾಲ್ಫ್ ಹೇಳಿಕೊಟ್ಟಾಗ ಅದಕ್ಕೇ ನಾನು ಕಿವಿ ನೆಟ್ಟಗೆ ಮಾಡಿದ್ದು. ಚೆಂಡು, ಕೋಲು ಎರಡೂ ಬೇಡ. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ತಟ್ಟೆ ಸಾಕು. ನೆಲದಲ್ಲಿ ಕುಳಿ ಇಲ್ಲ. ಕಂಬಕ್ಕೆ ಕೂರಿಸಿದ ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿ. ಒಂದು ಕಟ್ಟೆಯ ಮೇಲೆ ನಿಂತು ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆಯಬೇಕು. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಆ ಬುಟ್ಟಿ ಮುಗಿಯಿತು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು.

"ನಮ್ಮದು ಇಳಿಜಾರು ಸರ್" ಅಂದೆ ತರಬೇತುದಾರರಿಗೆ.

"ಇನ್ನೂ ಒಳ್ಳೆಯದಾಯ್ತಲ್ಲ" ಅಂದರು. ನಮ್ಮ ಮೈದಾನಕ್ಕೆ ಒಳ್ಳೆಯದು ಅಂದವರನ್ನು ನಾನು ಅವತ್ತೇ ಮೊದಲು ನೋಡಿದ್ದು. ಹೊಸಬರಿಗೆ ಹೊಂದುವ, ಅಂಚು ಮೆದುವಾದ, ನಿಧಾನಕ್ಕೆ ಹಾರುವ ತಟ್ಟೆಗಳ ಒಂದು ಚೀಲವನ್ನೂ ಕೊಟ್ಟರು. ಎಲ್ಲ ಕೆಂಪು, ಕಿತ್ತಳೆ. ಹುಲ್ಲಿನಲ್ಲಿ ಬೇಗ ಕಾಣಲಿ ಅಂತ.

ಹೆಡ್‌ಮಾಸ್ಟರು ಚೀಲವನ್ನು ಎರಡು ಸಲ ಒಳಗೆ ಹೊರಗೆ ಮಾಡಿ ನೋಡಿದರು.

"ಫ್ರೀ ಅಂದ್ರಾ? ಎಲ್ಲಿ ಸಹಿ ಹಾಕಿಸ್ಕೊಂಡ್ರು?"

"ಎಲ್ಲೂ ಇಲ್ಲ ಸರ್."

"ಹಂಗಾದ್ರೆ ಇನ್ನೂ ಡೇಂಜರು. ನಾಳೆ ಯಾವುದೋ ಕಂಪನಿಯವ್ರು ಬೋರ್ಡು ತಂದು ನಿಲ್ಲಿಸಿ ಫೋಟೋ ತೆಗಿತಾರೆ, ನೋಡ್ತಿರಿ." ಕೊನೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಆಟ ಶುರುವಾಗುವ ಜಾಗ ಅವರ ಕಿಟಕಿಗೆ ಕಾಣುವಂತಿರಬೇಕು.

ಬುಟ್ಟಿಗಳನ್ನು ಮೂಡಿಗೆರೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಜಿ.ಐ. ಪೈಪಿನ ಕಂಬ, ಮೇಲೆ ಹಳೇ ಸೈಕಲ್ಲಿನ ರಿಮ್ಮು, ಕೆಳಗೆ ಅಡ್ಡಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮು. ವೆಲ್ಡಿಂಗಿನವನು ಚಿತ್ರ ನೋಡಿ "ಕೋಳಿ ಗೂಡಾ ಮೇಡಂ?" ಅಂದ. ಸರಪಳಿ ಯಾಕೆ, ಹಗ್ಗ ಸಾಕು ಅಂತ ಮೊದಲನೆಯದಕ್ಕೆ ನೈಲಾನ್ ಹಗ್ಗ ಇಳಿಬಿಟ್ಟೆ. ಎಸೆದ ತಟ್ಟೆ ಹಗ್ಗಗಳ ನಡುವೆ ನುಸುಳಿ ಆಚೆ ಹೋಯಿತು. ಹಗ್ಗವನ್ನು ಬಿಗಿದು ಕಟ್ಟಿದೆ. ತಟ್ಟೆ ಪುಟಿದು ನನ್ನ ಕಾಲಿಗೇ ವಾಪಸು ಬಂತು. ಸರಪಳಿಯೇ ಬೇಕು, ಅದೂ ಸಡಿಲವಾಗಿ ತೂಗಬೇಕು, ಹೊರಗೊಂದು ಸುತ್ತು, ಒಳಗೊಂದು ಸಣ್ಣ ಸುತ್ತು. ಸಡಿಲ ಸರಪಳಿ ತಟ್ಟೆಯ ವೇಗವನ್ನು ತಾನು ತೆಗೆದುಕೊಂಡು ಅದನ್ನು ಮೆಲ್ಲಗೆ ಕೆಳಗೆ ಬಿಡುತ್ತದೆ. ಸರಪಳಿ ಕಟ್ಟಲು ಮತ್ತೆ ಹೋದಾಗ ಅವನು, "ಗೂಡಿಗೆ ಚೈನು ಎಂತಕ್ಕೆ ಮೇಡಂ, ನಿಮ್ಮ ಕಡೆ ಕೋಳಿ ಅಷ್ಟು ಜೋರಾ?" ಅಂತ ಕೇಳಿ ಅಂಗಡಿಯಲ್ಲಿದ್ದವರನ್ನೆಲ್ಲ ನಗಿಸಿದ.

ಕಂಬವನ್ನು ನೇರವಾಗಿ ಕಾಂಕ್ರೀಟಿನಲ್ಲಿ ಹೂಳಲಿಲ್ಲ. ದಪ್ಪ ಪೈಪಿನ ತುಂಡು ಹೂತು, ಬುಟ್ಟಿಯ ಕಂಬ ಅದರೊಳಗೆ ಇಳಿಯುವ ಹಾಗೆ ಮಾಡಿದೆ. ಸಂಜೆ ಎತ್ತಿ ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಬಹುದು. ಗುಜರಿಗೆ ಕಬ್ಬಿಣ ಹೊರುವವರು ಇದ್ದೇ ಇರುತ್ತಾರೆ ಅಂತ ನನ್ನ ಲೆಕ್ಕ. ಊರಿಡೀ ಅನುಮಾನ ಪಡುತ್ತಿದ್ದಾಗ ನಾನೊಬ್ಬಳು ನಂಬಿಕೆಯ ಮೇಲೆ ಬದುಕುತ್ತಿದ್ದೆ ಅಂತ ಹೇಳಿಕೊಳ್ಳುವುದಿಲ್ಲ.

ಒಟ್ಟು ಆರು ಬುಟ್ಟಿ. ಧ್ವಜಕಂಬದ ಹತ್ತಿರ, ಹೆಡ್‌ಮಾಸ್ಟರ ಕಿಟಕಿಯೆದುರು ಮೊದಲ ಕಟ್ಟೆ. ಅಲ್ಲಿಂದ ಇಳಿಜಾರಿಗೆ ಅಡ್ಡಲಾಗಿ, ದರೆಗೂ ಬೇಲಿಗೂ ನಡುವೆ ಒಂದರ ಮುಂದೊಂದು. ಎಂಟನೇ ಕ್ಲಾಸಿಗೆ ಹೊಸದಾಗಿ ಸೇರಿದ ಮಗು ಕೂಡ ಮೂರು ಎಸೆತದಲ್ಲಿ ಬುಟ್ಟಿ ಮುಟ್ಟುವಷ್ಟೇ ದೂರ ಇಟ್ಟೆ. ಮೊದಲೆರಡಕ್ಕೆ ದಾರಿಯಲ್ಲಿ ಮರವೇ ಇಲ್ಲ. ಮೂರನೆಯದಕ್ಕೆ ಒಂದು ಸಿಲ್ವರ್ ಮರ, ಅದರ ಎರಡೂ ಬದಿ ಬಯಲು. ಮುಗಿಸಿದವರು ದರೆಯ ಬುಡದ ಕಾಲುದಾರಿಯಲ್ಲಿ ವಾಪಸು ಬರಬೇಕು, ಎಸೆಯುವವರಿಗೆ ಅಡ್ಡ ಬರಬಾರದು. ಹೀಗೆ ಹೋಗುವಾಗ ದರೆ ಬಲಗಡೆಗೆ, ಬೇಲಿ ಎಡಗಡೆಗೆ. ಅದರಲ್ಲಿ ಏನಾದರೂ ಇದೆ ಅಂತ ನನಗೆ ಆಗ ಅನ್ನಿಸಲೇ ಇಲ್ಲ.

ಮಳೆ ನಿಂತು ಹುಲ್ಲು ಕತ್ತರಿಸಿದ ಮೇಲೆ ಆಟ ಶುರುವಾಯಿತು. ಓಟದಲ್ಲಿ ಯಾವತ್ತೂ ಕೊನೆಗೆ ಬರುವ ಹುಡುಗಿಯರು, ಕಬಡ್ಡಿಗೆ ಯಾರೂ ಕರೆಯದ ತೆಳ್ಳಗಿನ ಹುಡುಗರು ಇಲ್ಲಿ ಸಾಲಿನಲ್ಲಿ ಮುಂದೆ ನಿಂತರು. ಸರಪಳಿ ಝಲ್ ಅಂದರೆ ಕ್ಲಾಸಿನೊಳಗಿದ್ದವರೂ ಕಿಟಕಿಗೆ ಬರುತ್ತಿದ್ದರು. ಗಣಿತದ ಮೇಷ್ಟ್ರು ಕಂಪ್ಲೇಂಟು ಮಾಡಿದರು. ನನಗೆ ಒಳಗೊಳಗೇ ಖುಷಿ.

ಆ ಖುಷಿ ಅರೇಬಿಕಾ ಹಣ್ಣು ಕೊಯ್ಲು ಶುರುವಾಗುವವರೆಗೆ. ತಟ್ಟೆಗಳು ಬೇಲಿ ದಾಟುತ್ತಿದ್ದವು. ಮಕ್ಕಳು ತಂತಿ ಎತ್ತಿ ಹಿಡಿದು ನುಸುಳುತ್ತಿದ್ದವು, ನೆಲದಲ್ಲಿ ತಡಕಾಡುತ್ತಿದ್ದವು, ವಾಚರಿನ ಕೂಗು ಕೇಳಿದ ಕೂಡಲೇ ಓಡಿ ಬರುತ್ತಿದ್ದವು. ಕೈಯಲ್ಲಿ ಬಹಳ ಸಲ ಏನೂ ಇರುತ್ತಿರಲಿಲ್ಲ.

"ಸಿಗಲಿಲ್ಲ ಟೀಚರ್."

"ಅಷ್ಟು ದೊಡ್ಡ ಕೆಂಪು ತಟ್ಟೆ ಕಾಣಲ್ವಾ ನಿಂಗೆ?"

"ದೇವ್ರಾಣೆ ಇಲ್ಲ ಟೀಚರ್. ಮೊನ್ನೆ ಬಿದ್ದಿದ್ದೂ ಇಲ್ಲ."

ನನಗೆ ವಾಚರಿನ ಮೇಲೆ ಅನುಮಾನ ಹುಟ್ಟಿದ್ದು ಆಗ. ಇವನೇ ಎತ್ತಿಟ್ಟುಕೊಳ್ಳುತ್ತಿದ್ದಾನೆ, ಎಲ್ಲ ಮುಗಿದ ಮೇಲೆ ಆಟ ತಾನಾಗಿಯೇ ನಿಲ್ಲಲಿ ಅಂತ. ಕೇಳಿದೆ. "ನಂಗೆ ಎಂತಕ್ಕೆ ನಿಮ್ಮ ಆಟದ ಸಾಮಾನು? ನಾನು ಬೇಲಿಯಿಂದ ಈಚೆ ಬಂದೋರನ್ನ ಕಾಯದು, ಪ್ಲಾಸ್ಟಿಕ್ ಕಾಯದಲ್ಲ" ಅಂದ. ಉತ್ತರ ಸರಿಯಾಗಿಯೇ ಇತ್ತು. ನಾನು ನಂಬಲಿಲ್ಲ.

ಆಮೇಲೆ ಎಸ್ಟೇಟಿನ ಸಾಹುಕಾರರೇ ಶಾಲೆಗೆ ಬಂದರು. ಜೋರು ಮಾತಿನವರಲ್ಲ. ಶಾಲೆಗೆ ಬೆಂಚು ಕೊಡಿಸಿದವರು, ಶಾಲೆಯ ಎಸ್‌ಡಿಎಂಸಿ ಸಮಿತಿಯ ಸಭೆಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ನನ್ನನ್ನು ಕರೆಸಿದರು.

"ಆಟದ ಬಗ್ಗೆ ನಂದೇನೂ ತಕರಾರಿಲ್ಲ ಟೀಚರ್. ಆದ್ರೆ ಬೇಲಿ ಪಕ್ಕದ ಬ್ಲಾಕಲ್ಲಿ ಹಣ್ಣು ಹೋಗ್ತಾ ಇದೆ. ನಿಮ್ಮ ಮಕ್ಕಳು ದಿನಾ ಒಳಗೆ ಬರ್ತಾವೆ. ಎರಡೂ ಒಟ್ಟಿಗೇ ಶುರುವಾಗಿದೆ."

"ಅವು ತಟ್ಟೆ ತರೋಕೆ ಬರ್ತಾವೆ ಸರ್."

"ತಟ್ಟೆ ತರೋಕೆ ಬಂದು ತಟ್ಟೆ ಇಲ್ಲದೆ ಹೋಗ್ತಾವೆ ಅಂತ ವಾಚರ್ ಹೇಳ್ತಾನೆ. ಹಂಗಾದ್ರೆ ಎಂತ ತಗೊಂಡು ಹೋಗ್ತಾವೆ?"

 ಅವರು ಕೇಳಿದ್ದು ನಾನು ನನ್ನನ್ನೇ ಕೇಳಿಕೊಂಡಿದ್ದ ಪ್ರಶ್ನೆ.

"ಒಂದು ಕೆಲ್ಸ ಮಾಡಿ" ಅಂದರು. "ಸಂಜೆ ಗೇಟಲ್ಲಿ ಬ್ಯಾಗು, ಜೇಬು ನೋಡಿ ಕಳಿಸಿ. ನಮ್ಮ ವಾಚರ್ ಇರ್ತಾನೆ, ನೀವೂ ನಿಂತಿರಿ. ಅದಾಗಲ್ಲ ಅಂದ್ರೆ ಆಟ ನಿಲ್ಸಿ. ಶನಿವಾರ ಮೀಟಿಂಗ್ ಇದೆಯಲ್ಲ, ಅಲ್ಲಿ ತೀರ್ಮಾನ ಮಾಡಣ."

ಹೆಡ್‌ಮಾಸ್ಟರು ತಲೆ ಆಡಿಸಿದರು. "ಒಂದು ಸಲ ನೋಡಿದ್ರೆ ಏನಾಗುತ್ತೆ ಟೀಚರ್? ತಪ್ಪು ಮಾಡದೋರಿಗೆ ಎಂತ ಭಯ?"

ಆಲ್ದೂರಿನ ಆಚೆ ಒಂದು ತೋಟದ ಲೈನಿನಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಬೆಳೆದವಳು ನಾನು. ನಮ್ಮವ್ವ ಹಣ್ಣು ಕೊಯ್ಯುತ್ತಿದ್ದಳು. ಸಂಜೆ ಹಣ್ಣು ತೂಕಕ್ಕೆ ಹಾಕಿದ ಮೇಲೆ ಹೆಂಗಸರು ಸಾಲಾಗಿ ನಿಂತು ಬುತ್ತಿ ಬಿಚ್ಚಿ ತೋರಿಸಬೇಕು, ಸೊಂಟಕ್ಕೆ ಕಟ್ಟಿದ ಚೀಲ ಕೊಡವಬೇಕು. ಅವ್ವ ಯಾರೂ ಕೇಳುವ ಮೊದಲೇ ಬಿಚ್ಚಿ ಹಿಡಿಯುತ್ತಿದ್ದಳು. ಕೇಳಿಸಿಕೊಳ್ಳುವುದಕ್ಕಿಂತ ಅದು ವಾಸಿ ಅಂತ ಅವಳ ಲೆಕ್ಕ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಬಿ.ಪಿ.ಇಡಿ. ಸರ್ಟಿಫಿಕೇಟು ಕೈಗೆ ಬಂದಾಗ ಇನ್ನು ನಮ್ಮ ಚೀಲ ಯಾರೂ ಬಿಚ್ಚಿಸುವುದಿಲ್ಲ ಅಂದುಕೊಂಡಿದ್ದೆ. ಬಿಚ್ಚಿಸುವ ಕಡೆ ನಿಲ್ಲಿಸುತ್ತಾರೆ ಅಂತ ಅಂದುಕೊಂಡಿರಲಿಲ್ಲ.

"ಅದು ನನ್ನ ಕೈಲಿ ಆಗಲ್ಲ ಸರ್" ಅಂದೆ.

"ಹಂಗಾದ್ರೆ ಆಟ ನಿಲ್ಲಿಸ್ತೀರಾ?"

"ಆಟ ನಿಲ್ಲಿಸಿದ್ರೆ ಕದ್ದಿದ್ದು ಹೌದು ಅಂತ ಆಗುತ್ತೆ. ಅದನ್ನೂ ಮಾಡಲ್ಲ."

"ಎರಡೂ ಆಗಲ್ಲ ಅಂದ್ರೆ ಹೆಂಗಮ್ಮಾ?" ಸಾಹುಕಾರರು ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದೇ ನನಗೆ ಇನ್ನೂ ಹೆಚ್ಚು ಸಿಟ್ಟು ತರಿಸಿತು.

ಹೊರಗೆ ಬಂದಾಗ ಸಂಜೆಯ ಗಂಟೆ ಹೊಡೆದಿತ್ತು. ಮಕ್ಕಳು ಗೇಟಿನ ಕಡೆ ಹೋಗುತ್ತಿದ್ದವು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ಚಡ್ಡಿಯ ಜೇಬು ಉಬ್ಬಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಅವನು ಜೇಬಿನಿಂದ ಪೇರಳೆಕಾಯಿ ತೆಗೆದು ಕಚ್ಚಿದ ಮೇಲೆಯೇ ನಾನು ಕಣ್ಣು ತೆಗೆದದ್ದು. ಬಾಯಲ್ಲಿ ಆಗಲ್ಲ ಅಂದವಳು ಕಣ್ಣಲ್ಲಿ ಮಾಡಿಯೇ ಬಿಟ್ಟಿದ್ದೆ.

ಮಕ್ಕಳ ನಡುವೆಯೂ ಅನುಮಾನ ಶುರುವಾಗಿತ್ತು. ಎಂಟನೇ ಕ್ಲಾಸಿನಲ್ಲಿ ಒಬ್ಬಳು ಎಡಚಿ ಹುಡುಗಿ. ಅವಳ ತಾಯಿ ಆ ಎಸ್ಟೇಟಿನಲ್ಲೇ ಕೊಯ್ಲಿಗೆ ಹೋಗುವವಳು. ಒಂದು ದಿನ ಆಟದ ಪಿರಿಯಡ್ಡಿನಲ್ಲಿ ನಾಲ್ಕೈದು ಜನ ಅವಳನ್ನು ಸುತ್ತುವರಿದು ನಿಂತಿದ್ದರು.

"ಟೀಚರ್, ಇವಳದ್ದು ಯಾಕೆ ಒಂದೂ ಕಳೆದೋಗಲ್ಲ? ಎಲ್ಲರದ್ದೂ ಹೋಗುತ್ತೆ, ಇವಳದ್ದು ಮಾತ್ರ ಇಲ್ಲ."

"ಇವಳಮ್ಮ ಒಳಗೇ ಇರ್ತಾರಲ್ಲ ಟೀಚರ್. ಇವಳೇ ಹೇಳಿ ಎತ್ತಿಸಿಡ್ತಾಳೆ."

ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಜೋರಿತ್ತು. "ನಿಮಗೆ ಎಸಿಯಕ್ಕೆ ಬರಲ್ಲ, ಅದಕ್ಕೆ ನಾನು ಕಳ್ಳಿಯಾ? ಎಸಿರಿ ಈಗ, ನೋಡಣ!"

ಎಸೆದರು. ನಾನು ಸುಮ್ಮನೆ ನಿಂತು ನೋಡಿದೆ. ಒಬ್ಬ ಎಸೆದ, ತಟ್ಟೆ ನೇರ ಹೋಗಿ, ವೇಗ ಕಡಿಮೆಯಾದ ಮೇಲೆ ಎಡಕ್ಕೆ ವಾಲಿ, ಇಳಿಜಾರಿಗೆ ತಾಗಿ, ಅಂಚಿನ ಮೇಲೆ ಚಕ್ರದಂತೆ ಉರುಳಿ ಬೇಲಿಯಡಿಗೆ ಹೋಯಿತು. ಇನ್ನೊಬ್ಬಳದ್ದು ಗಾಳಿಯಲ್ಲೇ ಬೇಲಿ ದಾಟಿತು. ಎಡಚಿ ಎಸೆದಳು. ತಟ್ಟೆ ನೇರ ಹೋಗಿ, ಬಲಕ್ಕೆ ವಾಲಿ, ದರೆಯ ಮಣ್ಣಿಗೆ ಬಡಿದು ಅಲ್ಲೇ ಬಿತ್ತು.

ಶಾಲೆ ಬಿಟ್ಟ ಮೇಲೆ ಉಳಿದಿದ್ದ ತಟ್ಟೆಗಳನ್ನೆಲ್ಲ ತೆಗೆದುಕೊಂಡು ನಾನೊಬ್ಬಳೇ ಮೈದಾನಕ್ಕೆ ಹೋದೆ. ಪ್ರತಿ ಕಟ್ಟೆಯಿಂದಲೂ ಬಲಗೈಯಲ್ಲಿ ಎಸೆದೆ. ಬಿದ್ದ ಜಾಗದಲ್ಲೆಲ್ಲ ಒಂದೊಂದು ಕಡ್ಡಿ ಚುಚ್ಚಿದೆ. ಮೆಲ್ಲಗೆ, ಜೋರಾಗಿ, ಬಗ್ಗಿ, ನೆಟ್ಟಗೆ ನಿಂತು, ಎಲ್ಲ ಥರ ಎಸೆದು ನೋಡಿದೆ. ಕೊನೆಗೆ ದರೆ ಹತ್ತಿ ನಿಂತು ಕೆಳಗೆ ನೋಡಿದರೆ ಕಡ್ಡಿಗಳೆಲ್ಲ ಬೇಲಿಯ ಕಡೆಗೇ ಒತ್ತರಿಸಿಕೊಂಡು ನಿಂತಿದ್ದವು. ಬಲಗೈಯವರು ಮೈಗೆ ಅಡ್ಡಲಾಗಿ ಬೀಸಿ ಎಸೆದ ತಟ್ಟೆ ಕೊನೆಗೆ ಎಡಕ್ಕೆ ಬೀಳುತ್ತದೆ. ತರಬೇತಿಯಲ್ಲಿ ಇದನ್ನು ಹೇಳಿದ್ದರು, ಗುರಿ ಸ್ವಲ್ಪ ಬಲಕ್ಕಿಡಿ ಅಂತ. ಅದನ್ನು ಎಸೆಯುವವರಿಗೆ ಹೇಳಿದ ಪಾಠ ಅಂದುಕೊಂಡಿದ್ದೆ. ಅದು ಬುಟ್ಟಿ ನೆಡುವವರಿಗೂ ಪಾಠ ಅಂತ ತಲೆಗೆ ಹೋಗಿರಲಿಲ್ಲ. ಹೊಸಬರಿಗಾಗಿ ಮಾಡಿದ ಅಂಕಣದಲ್ಲಿ ಹೊಸಬರ ತಟ್ಟೆ ಬೀಳುವ ಕಡೆಗೇ ಬೇಲಿ ಇಟ್ಟುಕೊಂಡು, ಒಳಗೆ ಹೋಗಬೇಡಿ ಅಂತ ಬೈಯುತ್ತಿದ್ದೆ.

ಸಂಜೆಯೇ ನಿರ್ಧಾರ ಮಾಡಿದೆ. ಇಡೀ ಅಂಕಣವನ್ನು ತಿರುಗಿಸಬೇಕು. ಕೊನೆಯಿಂದ ಶುರು ಮಾಡಿ ಧ್ವಜಕಂಬದ ಹತ್ತಿರ ಮುಗಿಸಬೇಕು. ಆಗ ಬೇಲಿ ಬಲಕ್ಕೆ ಬರುತ್ತದೆ, ದರೆ ಎಡಕ್ಕೆ. ಆದರೆ ತಿರುಗಿಸಲು ಆಟ ಇರಬೇಕಲ್ಲ. ಮೊದಲು ಶನಿವಾರ ದಾಟಬೇಕು.

ಸಭೆಯಲ್ಲಿ ಸಾಹುಕಾರರು ತಮ್ಮ ಮಾತು ಹೇಳಿದರು. ಹೆಡ್‌ಮಾಸ್ಟರು ನನ್ನ ಮುಖ ನೋಡದೆ, ಶಾಲೆಯ ಹೆಸರಿನ ಪ್ರಶ್ನೆ ಅಂದರು. ನನ್ನ ಸರದಿ ಬಂದಾಗ ನಾನು ಭಾಷಣ ಮಾಡಲಿಲ್ಲ.

"ಎಲ್ಲರೂ ಒಂದು ನಿಮಿಷ ಹೊರಗೆ ಬರಬೇಕು. ಸಾಹುಕಾರ್ರು ಒಂದು ತಟ್ಟೆ ಎಸಿಬೇಕು."

"ನಾನಾ?"

"ನೀವೇ ಸರ್. ಮಕ್ಕಳು ಬೇಕಂತ ಒಳಗೆ ಎಸಿತಾರೋ ಇಲ್ವೋ ನೀವೇ ಹೇಳಿ."

ಅವರು ನಾನು ಕೊಟ್ಟ ತಟ್ಟೆ ತೆಗೆದುಕೊಳ್ಳಲಿಲ್ಲ. ತಿರುಗಿಸಿ, ಅಂಚು ಒತ್ತಿ ನೋಡಿ, "ಇದು ಸೊಟ್ಟ ಇರಬಹುದು" ಅಂತ ಪಕ್ಕಕ್ಕಿಟ್ಟು, ಚೀಲಕ್ಕೆ ಕೈಹಾಕಿ ತಾವೇ ಒಂದನ್ನು ಆರಿಸಿಕೊಂಡರು. ಕ್ಲಬ್ಬಿನಲ್ಲಿ ಶಟಲ್ ಆಡುವವರು, ಮಣಿಕಟ್ಟು ಚೆನ್ನಾಗಿತ್ತು. ಮೊದಲ ಎಸೆತ ನೇರ ಹೋಗಿ ಬುಟ್ಟಿಯ ಹತ್ತಿರವೇ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. 

"ನೋಡಿ, ಎಲ್ಲಿ ಹೋಯ್ತು ಬೇಲಿ ಕಡೆ?"

"ಇನ್ನೊಂದು ಎಸೀರಿ ಸರ್. ಮಕ್ಕಳ ಹಾಗೆ, ಜೋರಾಗಿ."

ಎರಡನೆಯದನ್ನು ಜೋರಾಗಿಯೇ ಬೀಸಿದರು. ತಟ್ಟೆ ಬುಟ್ಟಿಯನ್ನು ದಾಟಿತು, ವಾಲಿತು, ಅವರ ಬೇಲಿಯ ಮೇಲಿಂದ ಅವರ ಗಿಡಗಳೊಳಗೆ ಹೋಗಿ ಬಿತ್ತು. ಮೂರನೆಯದನ್ನು ಹಲ್ಲು ಕಚ್ಚಿ ಬಲಕ್ಕೆ ಗುರಿಯಿಟ್ಟು ಎಸೆದರು. ಅದು ನೆಲಕ್ಕೆ ತಾಗಿ, ಉರುಳಿಕೊಂಡು, ತಂತಿಯಡಿ ನುಸುಳಿತು. ಹೆಡ್‌ಮಾಸ್ಟರು ತಾವೂ ಒಂದು ನೋಡುತ್ತೇನೆ ಅಂದರು, ಅವರದ್ದೂ ಹೋಯಿತು.  ಸಾಹುಕಾರರು ಕೈ ಒರೆಸಿಕೊಂಡು, "ಸರಿ, ಬೀಳುತ್ತೆ ಅಂತ ಒಪ್ಪಿದೆ. ಬಿದ್ದಿದ್ದು ಎಲ್ಲಿ ಹೋಗುತ್ತೆ? ಬನ್ನಿ ನೋಡೇಬಿಡಣ" ಅಂದು ಬೇಲಿಯ ಗೇಟಿನ ಕಡೆ ನಡೆದರು.

ಒಳಗೆ ಕೊಯ್ಲು ನಡೆದಿತ್ತು. ಎರಡು ಸಾಲು ದಾಟಿದ್ದೇವೋ ಇಲ್ಲವೋ, ನಾನು ನಿಂತೆ. ಎದೆಯೆತ್ತರದ ಗಿಡದ ಕವಲಿನಲ್ಲಿ, ಕೆಂಪು ಹಣ್ಣಿನ ಗೊಂಚಲುಗಳ ನಡುವೆ, ನಮ್ಮ ಒಂದು ಕೆಂಪು ತಟ್ಟೆ. ಬಿದ್ದು ಸಿಕ್ಕಿಕೊಂಡದ್ದಲ್ಲ, ಅಂಗಾತ ಮಾಡಿ, ಅಲುಗಾಡದಂತೆ ಎರಡು ರೆಕ್ಕೆಗಳ ನಡುವೆ ಕೂರಿಸಿದ್ದು. ಮುಂದಿನ ಗಿಡದಲ್ಲಿ ಇನ್ನೊಂದು, ಕಿತ್ತಳೆ. ಆಚೆ ಮತ್ತೊಂದು. ಮಕ್ಕಳು ನೆಲದಲ್ಲಿ ಹುಡುಕಿ ಓಡುತ್ತಿದ್ದವು, ತಲೆಯೆತ್ತಿರಲಿಲ್ಲ.

ಕೊಯ್ಯುತ್ತಿದ್ದ ಹೆಂಗಸರಲ್ಲಿ ಆ ಎಡಚಿ ಹುಡುಗಿಯ ತಾಯಿಯೂ ಇದ್ದಳು. ಸಾಹುಕಾರರನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಯಾರು ಇಟ್ಟಿದ್ದು ಇದನ್ನ?" ಅಂದರು ಅವರು.

"ನಾವೇಯ. ಬಿದ್ದು ಬಿದ್ದು ಹೋಗ್ತಿತ್ತಲ್ಲ, ಎತ್ತಿ ಇಟ್ವಿ."

"ಎಂತಕ್ಕೆ?"

"ಹುಳದ ಟ್ರ್ಯಾಪ್ ಅಲ್ವಾ ಇದು?" ಅವಳು ನಮ್ಮಿಬ್ಬರ ಮುಖ ನೋಡಿದಳು. "ಕಾಯಿ ಕೊರೆಯ ಹುಳಕ್ಕೆ ಕೆಂಪು ಡಬ್ಬಿ ಕಟ್ತಾರಲ್ಲ, ಇದು ಹೊಸ ಥರದ್ದು ಅಂದ್ಕಂಡ್ವಿ. ಟ್ರ್ಯಾಪ್ ನೆಲಕ್ಕೆ ಬಿದ್ರೆ ಮೇಸ್ತ್ರಿ ಬೈತಾರೆ. ಒಳಗೆ ಮದ್ದು ಇರುತ್ತೆ, ಆಟ ಆಡಬೇಡಿ ಅಂದಿದಾರೆ. ಅದಕ್ಕೆ ಎಲೆಯಲ್ಲಿ ಹಿಡ್ಕಂಡು ಇಟ್ಟಿದ್ದು."

ವಾಚರು ಹಿಂದೆ ನಿಂತಿದ್ದ. ಸಾಹುಕಾರರು ಅವನ ಕಡೆ ತಿರುಗಿದರು. ಅವನು ನೆಲ ನೋಡಿ, "ಮಕ್ಕಳ ತಟ್ಟೆ ಹಾರದು ದೂರದಿಂದ ನೋಡಿದ್ದಷ್ಟೇ. ಗಿಡದ ಮೇಲೆ ಅಂಗಾತ ಕಂಡಾಗ ನಾನೂ ಹಂಗೇ ಅಂದ್ಕಂಡಿದ್ದೆ. ನೀವು ಆಫೀಸಿಂದ ಕಳಿಸಿದ್ದು ಅಂತ" ಅಂದ.

ಅವಳ ಮಗಳ ತಟ್ಟೆ ಒಂದೂ ಒಳಗೆ ಬೀಳದ್ದರಿಂದ ಮನೆಯಲ್ಲಿ ತಟ್ಟೆಯ ಮಾತೇ ಬಂದಿರಲಿಲ್ಲ. ಬೇರೆ ಮಕ್ಕಳು ಬೇಲಿ ನುಸುಳಿದ್ದನ್ನು ಮನೆಯಲ್ಲಿ ಹೇಳಿ ಹೊಡೆತ ತಿನ್ನುವಷ್ಟು ಪೆದ್ದರಲ್ಲ. ಚೀಲ ತುಂಬಿಸಿಕೊಂಡು ಹೊರಗೆ ಬಂದೆವು. ನನಗೆ ನಗು ಬರುತ್ತಿತ್ತು, ಆದರೆ ಸಾಹುಕಾರರು ನಗಲಿಲ್ಲ.

"ಬ್ಯಾಗ್ ನೋಡೋದು ಬೇಡ" ಅಂದರು ಗೇಟಿನ ಹತ್ತಿರ. "ಆಟ ಆಡ್ಲಿ. ಆದ್ರೆ ನಮ್ಮ ಹಣ್ಣು ಹೋಗಿದ್ದು ಸುಳ್ಳಲ್ಲ ಟೀಚರ್. ಮಕ್ಕಳು ಒಳಗೆ ಬರಬಾರದು. ಬಿದ್ರೆ ವಾಚರ್ ತಂದು ಕೊಡ್ತಾನೆ. ಅವನು ಬೇಲಿ ಹತ್ರ ನಿಂತಿರ್ತಾನೆ."

ತಪ್ಪಾಯಿತು ಅಂತ ಅವರು ಹೇಳಲಿಲ್ಲ. ನಾನು ವಾಚರಿಗೆ ಹೇಳಿದೆನಾ? ನಾನೂ ಹೇಳಲಿಲ್ಲ. ಹಣ್ಣು ಯಾರು ಒಯ್ದರು ಅಂತ ಇವತ್ತಿಗೂ ಗೊತ್ತಿಲ್ಲ. ತಟ್ಟೆಯ ವಿಷಯದಲ್ಲಿ ಅವನು ಸಾಚಾ ಅಂತ ಗೊತ್ತಾದ ಮೇಲೂ ಹಣ್ಣಿನ ಮಾತು ಬಂದಾಗ ನನ್ನ ಮನಸ್ಸು ಮೊದಲು ಅವನ ಹತ್ತಿರವೇ ಹೋಗುತ್ತಿತ್ತು.

ಅಂಕಣ ತಿರುಗಿಸುವುದು ನಾನೆಣಿಸಿದಷ್ಟು ಸುಲಭ ಆಗಲಿಲ್ಲ. ಬುಟ್ಟಿ ಎತ್ತುವುದು ಸುಲಭ, ಹೊಸ ಜಾಗಕ್ಕೆ ಹೊಸ ಗುಂಡಿ, ಹೊಸ ಕಾಂಕ್ರೀಟು ಬೇಕು. ಹಳೆಯ ಪೈಪುಗಳಿಗೆ ಮಕ್ಕಳ ಕಾಲು ಸಿಕ್ಕದಂತೆ ಮರದ ಬಿರಡೆ ಹೊಡೆದೆವು. ಮೊದಲ ಕಟ್ಟೆ ಈಗ ಗೊಬ್ಬರದ ಗುಂಡಿಯ ಪಕ್ಕ. ಹೆಡ್‌ಮಾಸ್ಟರ ಕಿಟಕಿಗೆ ಕಾಣುವುದು ಕೊನೆಯ ಬುಟ್ಟಿ ಮಾತ್ರ. "ಶುರುವಾಗಿದ್ದು ನೋಡ್ಬೇಕು ಅಂದಿದ್ದೆ, ಮುಗಿದಿದ್ದು ತೋರಿಸ್ತಿದ್ದೀರಿ" ಅಂತ ಗೊಣಗಿದರು. ಬುಟ್ಟಿಗಳನ್ನೂ ಬೇಲಿಯಿಂದ ದೂರ, ದರೆಯ ಬುಡದತ್ತ ಸರಿಸಿದೆ. ವಾಲಿದ ತಟ್ಟೆಗಳು ಈಗ ಮಣ್ಣಿಗೆ ಬಡಿದು ನಿಲ್ಲುತ್ತವೆ, ಉರುಳಿದರೂ ಮೈದಾನದ ಕಡೆಗೇ. ವಾಪಸು ಬರುವ ಕಾಲುದಾರಿಯನ್ನು ದರೆಯ ಮೇಲಕ್ಕೆ ಒಯ್ದೆ.

ಎಡಚಿಗೆ ಮಾತ್ರ ಎಲ್ಲ ಉಲ್ಟಾ ಆಯಿತು. ಅವಳು ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನನ್ನ ಕಳ್ಳಿ ಅಂದಿದ್ದೂ ಆಯ್ತು. ಈಗ ಬೇಲಿನೂ ನನ್ನ ಕಡೆಗೇ ತಿರುಗಿಸಿದ್ರಾ ಟೀಚರ್?"

ಅವಳ ಮಾತು ನ್ಯಾಯವಾಗಿತ್ತು. ಎಡಗೈಯವರಿಗೆ ಅಂತ ದರೆಯ ಪಕ್ಕಕ್ಕೇ, ಮೇಲ್ಗಡೆ, ಬೇರೆ ಎಸೆತದ ಕಟ್ಟೆಗಳನ್ನು ಮಾಡಿದೆ. ಅಲ್ಲಿಂದ ಬಲಕ್ಕೆ ವಾಲಿದರೂ ಬೇಲಿ ಮುಟ್ಟುವ ಮೊದಲು ಹುಲ್ಲಿನಲ್ಲಿ ನಿಲ್ಲುತ್ತದೆ. ಇಡೀ ಶಾಲೆಗೆ ಎಡಚರು ಮೂವರೇ. ಅವಳೇ ಅವರಿಗೆ ಯಜಮಾನಿಯಾದಳು.

ತಿರುಗಿಸಿದ ಅಂಕಣದಲ್ಲಿ ಮೊದಲು ಆಡಿದ ದಿನ ವಾಚರು ಕೋಲು ಹಿಡಿದು ಬೇಲಿಯಾಚೆ ನಿಂತಿದ್ದ. ಆಟ ಮುಗಿಯುತ್ತಾ ಬಂದರೂ ಒಂದು ತಟ್ಟೆಯೂ ಅವನ ಕಡೆ ಹೋಗಲಿಲ್ಲ. ಆಮೇಲೆ ಒಬ್ಬ ಹುಡುಗ ಬಿಡಬೇಕಾದ ಹೊತ್ತಿಗೆ ಬೆರಳು ಬಿಡದೆ ಬೀಸಿದ. ತಟ್ಟೆ ಸೀದಾ ಬಲಕ್ಕೆ ಚಿಮ್ಮಿ ಗಿಡಗಳ ನಡುವೆ ಹೋಯಿತು. ಎಲ್ಲರೂ ನಿಂತರು. ವಾಚರು ಕೈಯೆತ್ತಿ ಬರಬೇಡಿ ಅಂತ ಸನ್ನೆ ಮಾಡಿ ಒಳಗೆ ಹೋದ. ಸ್ವಲ್ಪ ಹೊತ್ತು ಹುಡುಕಿ ಬಂದು ಬೇಲಿಯ ಮೇಲಿಂದ ತಟ್ಟೆ ಚಾಚಿದ.

ತೆಗೆದುಕೊಳ್ಳಲು ಹೋದವಳು ಎಡಚಿ. ತಟ್ಟೆಗೆ ಕೈ ಹಾಕಲಿಲ್ಲ.

"ವಾಚರಣ್ಣ, ಜೇಬು?"

"ಎಂತ ಜೇಬು?"

"ತೋಟದೊಳಗೆ ಹೋಗಿ ಬಂದ್ರಲ್ಲ. ಜೇಬು ತೋರ್ಸಿ."

ಮಕ್ಕಳು ಹೋ ಅಂತ ನಕ್ಕವು. ಅವನು ಅವಳನ್ನು ಬಿಟ್ಟು ನನ್ನ ಮುಖ ನೋಡಿದ. ನಾನು ಗದರಬೇಕಿತ್ತು. ನನ್ನ ಕಣ್ಣು ಅಷ್ಟರಲ್ಲಿ ಅವನ ಪ್ಯಾಂಟಿನ ಜೇಬಿನ ಮೇಲಿತ್ತು, ಅದು ಅವನಿಗೆ ಗೊತ್ತಾಯಿತು.

ಕೋಲನ್ನು ಬೇಲಿಗೆ ಒರಗಿಸಿದ. ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಜೇಬಿನ ಒಳಬಟ್ಟೆಯನ್ನು ಹೊರಗೆ ಎಳೆದ. ಬೀಡಿ, ಬೆಂಕಿಪೊಟ್ಟಣ, ಎಲೆಯಡಿಕೆಯ ಸಣ್ಣ ಪೊಟ್ಟಣ. ಎಲ್ಲವನ್ನೂ ಅಂಗೈಯಲ್ಲಿ ಹಿಡಿದು ತೋರಿಸಿದ. ಶರ್ಟಿನ ಜೇಬನ್ನು ಯಾರೂ ಕೇಳಿರಲಿಲ್ಲ, ಅದನ್ನೂ ತೋರಿಸಿದ.

ನಗು ಆಗಲೇ ನಿಂತುಹೋಗಿತ್ತು. ಎಡಚಿ ತಟ್ಟೆ ತೆಗೆದುಕೊಂಡು ಹಿಂದೆ ಸರಿದಳು. ಅವನು ತಲೆ ತಗ್ಗಿಸಿ, ಒಂದೊಂದೇ ಸಾಮಾನನ್ನು ವಾಪಸು ಹಾಕಿಕೊಂಡು, ಜೇಬಿನ ಬಟ್ಟೆಯನ್ನು ಬೆರಳಿನಿಂದ ಒಳಗೆ ತಳ್ಳಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಮುಂದಿನ ಹುಡುಗ ತಟ್ಟೆ ಹಿಡಿದು ಕಾಯುತ್ತಿದ್ದ. ಎಸಿ ಅಂತ ನಾನು ಹೇಳಲಿಲ್ಲ. ವಾಚರು ಕೋಲನ್ನು ಮತ್ತೆ ಕೈಗೆ ತೆಗೆದುಕೊಳ್ಳುವವರೆಗೂ ಅಂಕಣದಲ್ಲಿ ಯಾರೂ ಎಸೆಯಲಿಲ್ಲ.